ಷೇರುಪೇಟೆ ಬೀಳುವಾಗ ಧೈರ್ಯ ಎಲ್ಲಿಂದ ಬರುತ್ತದೆ?

ಷೇರುಪೇಟೆ ಬೀಳತೊಡಗಿದ ಕೂಡಲೇ ಸಣ್ಣ ಹೂಡಿಕೆದಾರರಿಗೆ ಕೇಳಿಸುವ ಮೊದಲ ಮಾತು "ಹೆದರಬೇಡಿ". ಎರಡನೆಯದು "ಲಾಂಗ್ ಟರ್ಮ್ ನೋಡಿ". ಎರಡೂ ಸುಳ್ಳಲ್ಲ. ಆದರೆ ಆ ಹೊತ್ತಿಗೆ ಎರಡರಿಂದಲೂ ಉಪಯೋಗವಿಲ್ಲ. ಹೆದರಿ ಕೂತವರಿಗೆ ಹೆದರಬೇಡಿ ಅಂದರೆ ಹೆದರಿಕೆ ಹೋಗುತ್ತದಾ? ಹೋಗುವುದಿಲ್ಲ, ಅದರ ಮೇಲೆ ಒಂದಿಷ್ಟು ನಾಚಿಕೆಯೂ ಸೇರಿಕೊಳ್ಳುತ್ತದೆ. ಉಳಿದವರೆಲ್ಲ ಗಟ್ಟಿಯಾಗಿ ಕೂತಿದ್ದಾರೆ, ನನ್ನೊಬ್ಬನಿಗೇ ಎದೆ ಡವಡವ ಅನ್ನುತ್ತಿದೆ, ಬಹುಶಃ ಇದೆಲ್ಲ ನನ್ನಂಥವರಿಗಲ್ಲ ಅನ್ನಿಸಿಬಿಡುತ್ತದೆ.

ಈ ಉಪದೇಶದ ಬಗ್ಗೆ ನನಗೆ ಬಹಳ ಕಾಲದಿಂದ ತಕರಾರಿದೆ. ಕುಸಿತದ ಕಾಲದಲ್ಲಿ ಅಲ್ಲಾಡದೆ ನಿಂತವರನ್ನು ಹತ್ತಿರದಿಂದ ನೋಡಿದಾಗಲೆಲ್ಲ ನನಗೆ ಕಂಡಿದ್ದು ಒಂದೇ ವಿಷಯ. ಅವರೇನೂ ಹುಟ್ಟಾ ಧೈರ್ಯವಂತರಲ್ಲ. ಅವರಿಗೆ ಆ ದುಡ್ಡು ಸದ್ಯಕ್ಕೆ ಬೇಕಾಗಿರಲಿಲ್ಲ, ಅಷ್ಟೇ. ಮನೆ ಖರ್ಚಿಗೆ ಬೇರೆ ಕಡೆ ದುಡ್ಡಿತ್ತು, ಸಾಲ ಮಾಡಿ ಷೇರು ಕೊಂಡಿರಲಿಲ್ಲ, ಮುಂದಿನ ಎರಡು ಮೂರು ವರ್ಷಕ್ಕೆ ಏನು ಬೇಕೋ ಅದನ್ನು ಷೇರಿಗೆ ಹಾಕಿರಲಿಲ್ಲ. ಗಾಬರಿಬಿದ್ದು ಮಾರಿದವರನ್ನು ನೋಡಿದರೂ ಅಷ್ಟೇ. ಅವರಲ್ಲಿ ಪುಕ್ಕಲರು ಕಡಿಮೆ. ಹಾಕಬಾರದ ದುಡ್ಡನ್ನು ಹಾಕಿದವರು, ಅಥವಾ ತಡೆದುಕೊಳ್ಳುವಷ್ಟಕ್ಕಿಂತ ಜಾಸ್ತಿ ಹಾಕಿದವರು ಹೆಚ್ಚು. ಹಾಗಾಗಿ ಮನಸ್ಸನ್ನು ಹತೋಟಿಗೆ ತರುವ ಕೆಲಸ ಬಹುಪಾಲು ದುಡ್ಡನ್ನು ಎಲ್ಲೆಲ್ಲಿ ಇಟ್ಟಿದ್ದೀವಿ ಅನ್ನುವುದರಲ್ಲೇ ಇದೆ ಅಂತ ನಾನು ನಂಬಿದ್ದೇನೆ. ಅದನ್ನು ಪೇಟೆ ಏರುತ್ತಿರುವಾಗಲೇ ಮಾಡಬೇಕು. ಬಿದ್ದ ದಿನ ಮಾಡಲು ಉಳಿಯುವುದು ಸ್ವಲ್ಪ ಮಾತ್ರ.

ಮೊದಲು ಆ ಹೆದರಿಕೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಬೆಳಿಗ್ಗೆ ಪೇಟೆ ತೆರೆಯುವ ಹೊತ್ತಿಗೆ ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ಆಪ್ ತೆರೆದರೆ ಮೇಲುಗಡೆ ದೊಡ್ಡ ಅಕ್ಷರದಲ್ಲಿ ಒಟ್ಟು ಮೊತ್ತ, ಅದರ ಕೆಳಗೆ ಕೆಂಪಿನಲ್ಲಿ ಇವತ್ತಿನ ನಷ್ಟ, ಅದರ ಪಕ್ಕ ಶೇಕಡಾವಾರು. ಬೆರಳಿನಿಂದ ಪರದೆಯನ್ನು ಕೆಳಗೆಳೆದರೆ ಅಂಕಿ ಮತ್ತೆ ಬದಲಾಗುತ್ತದೆ. ನಷ್ಟ ಒಂದು ಚೂರು ಕಡಿಮೆಯಾದರೆ ಉಸಿರು ಬಿಡುತ್ತೇವೆ, ಇನ್ನೊಂದು ಚೂರು ಜಾಸ್ತಿಯಾದರೆ ಹೊಟ್ಟೆ ತೊಳಸುತ್ತದೆ. ಹತ್ತು ನಿಮಿಷದಲ್ಲಿ ಏನೂ ತೀರ್ಮಾನ ಮಾಡಿರುವುದಿಲ್ಲ, ಆದರೆ ಸುಸ್ತಾಗಿರುತ್ತೇವೆ. ಆ ಪರದೆಯಲ್ಲಿ ಕಾಣದ ಸಂಗತಿ ಒಂದಿದೆ. ಆ ದುಡ್ಡು ನಮಗೆ ಯಾವ ವರ್ಷ ಬೇಕು ಅನ್ನುವುದು. ಹದಿನೈದು ವರ್ಷಗಳ ನಂತರ ಬೇಕಾದ ದುಡ್ಡಿಗೂ ಮುಂದಿನ ತಿಂಗಳು ಬೇಕಾದ ದುಡ್ಡಿಗೂ ಒಂದೇ ಕೆಂಪು ಬಣ್ಣ.

ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಮುಖ್ಯ ಪ್ರಬಂಧ ಪ್ರಕಟಿಸಿದರು. ನೂರು ರೂಪಾಯಿ ಬಂದಾಗ ಆಗುವ ಖುಷಿಗಿಂತ ನೂರು ರೂಪಾಯಿ ಹೋದಾಗ ಆಗುವ ನೋವು ದೊಡ್ಡದು ಅನ್ನುವುದು ಅದರ ಒಂದು ತಿರುಳು. ಎಷ್ಟು ದೊಡ್ಡದು? 1992ರಲ್ಲಿ ಅವರೇ ಹಾಕಿದ ಲೆಕ್ಕದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವೆರ್ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಈಗ ಈ ಎರಡು ಪಟ್ಟು ನೋವನ್ನು ಮೊಬೈಲ್ ನೋಡುವ ಅಭ್ಯಾಸದ ಜೊತೆ ಸೇರಿಸಿ ಲೆಕ್ಕ ಹಾಕಿ. ಅಮೆರಿಕದ ಪೇಟೆಯ ಹಳೆಯ ದಾಖಲೆಗಳಲ್ಲಿ ಯಾವುದೇ ಒಂದು ದಿನ ಪೇಟೆ ಏರುವ ಸಾಧ್ಯತೆ ಅರ್ಧಕ್ಕಿಂತ ಚೂರು ಜಾಸ್ತಿ, ನೂರು ದಿನದಲ್ಲಿ ಸುಮಾರು 53. ಒಂದು ವರ್ಷ ತೆಗೆದುಕೊಂಡರೆ ನಾಲ್ಕು ವರ್ಷಕ್ಕೆ ಸುಮಾರು ಮೂರು ವರ್ಷ ಏರಿಕೆ. ದಿನಾ ನೋಡುವವರಿಗೆ ನೂರು ದಿನದಲ್ಲಿ 53 ಪಾಲು ಖುಷಿ, 47 ದಿನದ ನೋವು ಎರಡು ಪಟ್ಟಾಗಿ 94 ಪಾಲು. ವರ್ಷಕ್ಕೊಮ್ಮೆ ನೋಡುವವರಿಗೆ ನಾಲ್ಕು ವರ್ಷದಲ್ಲಿ ಮೂರು ಪಾಲು ಖುಷಿ, ಬಿದ್ದ ಒಂದು ವರ್ಷದ ನೋವು ಎರಡು ಪಟ್ಟಾಗಿ ಎರಡು ಪಾಲು. ದುಡ್ಡು ಅದೇ, ಪೇಟೆಯೂ ಅದೇ. ಒಬ್ಬರು ದುಡ್ಡು ಬೆಳೆಯುತ್ತಿದ್ದರೂ ದಿನಾ ಕೊರಗುತ್ತಾರೆ, ಇನ್ನೊಬ್ಬರು ನೆಮ್ಮದಿಯಾಗಿರುತ್ತಾರೆ. ಶ್ಲೋಮೊ ಬೆನಾರ್ಟ್ಝಿ ಮತ್ತು ರಿಚರ್ಡ್ ಥೇಲರ್ ಎಂಬ ಅರ್ಥಶಾಸ್ತ್ರಜ್ಞರು 1995ರಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ಗಣಿತ ಹಾಕಿ ತೋರಿಸಿದರು. ಏರುವ ಕಾಲದಲ್ಲೇ ಲೆಕ್ಕ ಹೀಗಿದ್ದರೆ ಬೀಳುವ ಕಾಲದಲ್ಲಿ ದಿನಕ್ಕೆ ಹತ್ತು ಸಲ ನೋಡುವವರ ಗತಿ ಏನು ಅಂತ ಬೇರೆ ಹೇಳಬೇಕಾ?

ಅದಕ್ಕೆ ನೋಡುವುದನ್ನೇ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ನೋಡದೇ ಇದ್ದರೆ ಊಹೆ ಇನ್ನೂ ಭಯಂಕರವಾಗುತ್ತದೆ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳುವುದು, ಅದೂ ಪೇಟೆ ಮುಚ್ಚಿರುವ ರಜಾದಿನ, ನನಗೆ ಕಂಡ ಒಳ್ಳೆಯ ದಾರಿ. ಮುಚ್ಚಿದ ಪೇಟೆಯಲ್ಲಿ ಅಂಕಿ ಕುಣಿಯುವುದಿಲ್ಲ, ಕೈ ತುರಿಸಿದರೂ ಮಾರಲು ಆಗುವುದಿಲ್ಲ. ಆಪ್‌ನ ನೋಟಿಫಿಕೇಶನ್ ಮೊದಲು ಆಫ್ ಮಾಡಿ. ಅದರಿಂದ ನಿಮಗೆ ಏನೂ ನಷ್ಟವಿಲ್ಲ.

ಆದರೆ ಹೆದರಿಕೆಯನ್ನು ಬರೀ ಮನಸ್ಸಿನ ಆಟ ಅಂತ ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. "ಬಿದ್ದಿದ್ದು ಎದ್ದೇ ಏಳುತ್ತೆ" ಅನ್ನುತ್ತಾರಲ್ಲ, ಅದನ್ನು ಇತಿಹಾಸದ ಜೊತೆ ಇಟ್ಟು ನೋಡಬೇಕು. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಫೆಬ್ರವರಿ 19ರಿಂದ ಮಾರ್ಚ್ 23ರೊಳಗೆ ಸುಮಾರು ಶೇಕಡಾ 34 ಬಿತ್ತು, ಆಗಸ್ಟ್ ಹೊತ್ತಿಗೆ ಹಳೆಯ ಎತ್ತರ ದಾಟಿತು. ಅದೇ ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಶೇಕಡಾ 57ರಷ್ಟು ಕುಸಿದಾಗ ಮೇಲೆ ಬರಲು 2013 ಆಯಿತು. ಸೆನ್ಸೆಕ್ಸ್ 2008ರ ಜನವರಿಯಲ್ಲಿ 20,000ದ ಮೇಲಿದ್ದದ್ದು ಅಕ್ಟೋಬರ್‌ನಲ್ಲಿ 9,000ದ ಕೆಳಗೆ ಹೋಯಿತು, 2010ರ ಕೊನೆಗೆ ಮತ್ತೆ ಆ ಮಟ್ಟ ಮುಟ್ಟಿತು. ಅಮೆರಿಕದ ಡೌ ಜೋನ್ಸ್ 1929ರ ಸೆಪ್ಟೆಂಬರ್‌ನಲ್ಲಿ 381 ಇದ್ದದ್ದು 1932ರ ಜುಲೈನಲ್ಲಿ 41ಕ್ಕೆ ಇಳಿಯಿತು. 381 ಮತ್ತೆ ಬಂದಿದ್ದು 1954ರಲ್ಲಿ. ಡಿವಿಡೆಂಡ್, ಅಂದರೆ ಕಂಪನಿಗಳು ಹಂಚುವ ಲಾಭಾಂಶ, ಸೇರಿಸಿ ನೋಡಿದರೆ ಕಾಯಬೇಕಾದ ವರ್ಷ ಕಡಿಮೆಯಾಗುತ್ತದೆ, ನಿಜ. ಇನ್ನು ಜಪಾನಿನ ನಿಕ್ಕೇ 1989ರ ಕೊನೆಗೆ 38,915 ಮುಟ್ಟಿ ಬಿದ್ದದ್ದು ಆ ಅಂಕಿಯನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ನಾಲ್ಕು ವರ್ಷ!

ಇವೆಲ್ಲ ಸೂಚ್ಯಂಕದ ಕಥೆ, ಅಂದರೆ ಹಲವು ಕಂಪನಿಗಳು ಒಟ್ಟಿಗೆ. ಒಂದೇ ಕಂಪನಿಯ ಷೇರು ಏಳಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ 2008ರ ಸೆಪ್ಟೆಂಬರ್‌ನಲ್ಲಿ ದಿವಾಳಿಯಾಯಿತು, ಅದರ ಷೇರು ಹಿಡಿದು ತಾಳ್ಮೆಯಿಂದ ಕಾದವರಿಗೆ ಏನೂ ಸಿಗಲಿಲ್ಲ.

ಹೀಗಿರುವಾಗ ಹೆದರಿಕೆಯಾಗುವುದು ತಪ್ಪೇ? ಅದು ಒಂದು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದೆ, ಇದು ಏಳದಿದ್ದರೆ ನನ್ನ ಗತಿಯೇನು ಅಂತ. ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡವರು ಸುಮ್ನೆ ಕೂರಬಲ್ಲರು. ಉತ್ತರ ಇಲ್ಲದವರಿಗೆ ಎಷ್ಟು ಸಮಾಧಾನ ಹೇಳಿದರೂ ನಿದ್ದೆ ಬರುವುದಿಲ್ಲ, ಬರಬೇಕು ಅಂತ ಅಪೇಕ್ಷಿಸುವುದೂ ನ್ಯಾಯವಲ್ಲ.

ಇದರಲ್ಲಿ ಇನ್ನೊಂದು ಕ್ರೂರ ಸಂಗತಿಯಿದೆ. ಪೇಟೆ ಒಂಟಿಯಾಗಿ ಬೀಳುವುದು ಕಡಿಮೆ. ಅದು ದೊಡ್ಡದಾಗಿ ಬೀಳುವ ಕಾಲದಲ್ಲೇ ಕಂಪನಿಗಳು ಜನರನ್ನು ಕೆಲಸದಿಂದ ತೆಗೆಯುತ್ತಿರುತ್ತವೆ, ಸಂಬಳ ಏರಿಕೆ ನಿಂತಿರುತ್ತದೆ, ಕೈಸಾಲ ಕೊಡುತ್ತಿದ್ದವರೂ ಹಿಂದೆ ಸರಿದಿರುತ್ತಾರೆ. 2008ರ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ನಿರುದ್ಯೋಗ 2009ರ ಅಕ್ಟೋಬರ್‌ನಲ್ಲಿ ಶೇಕಡಾ 10 ಮುಟ್ಟಿತು. ಕೆಲಸ ಹೋದವರು ಅರ್ಧಕ್ಕಿಳಿದ ಷೇರನ್ನು ಮಾರಿ ಸಂಸಾರ ನಡೆಸಿದರೆ ಅದಕ್ಕೆ ಗಾಬರಿಯ ಮಾರಾಟ ಅಂತ ಹೆಸರಿಟ್ಟು ಪಾಠ ಹೇಳುವುದು ನನಗೆ ಸಹಿಸಲಾಗದ ವಿಷಯ. ಸಾಲ ಮಾಡಿ ಷೇರು ಕೊಂಡವರ ಪಾಡು ಇನ್ನೂ ಕಷ್ಟ. ಅವರಿಗೆ ಮಾರಬೇಕೋ ಬೇಡವೋ ಅನ್ನುವ ಆಯ್ಕೆಯೂ ಇರುವುದಿಲ್ಲ, ಮಾರ್ಜಿನ್, ಅಂದರೆ ಸಾಲಕ್ಕೆ ಒತ್ತೆಯಾಗಿ ಇರಬೇಕಾದ ಮೊತ್ತ, ಕಡಿಮೆಯಾಯಿತು ಅಂತ ಬ್ರೋಕರೇ ಮಾರಿ ಲೆಕ್ಕ ಚುಕ್ತಾ ಮಾಡುತ್ತಾನೆ. 1929ರ ಕುಸಿತ ಅಷ್ಟು ಭೀಕರವಾಗಲು ಇದೂ ಒಂದು ಕಾರಣ.

ಹಾಗಾದರೆ ದುಡ್ಡನ್ನು ಮೊದಲೇ ಸರಿಯಾಗಿ ಇಡುವ ವ್ಯವಸ್ಥೆ ಅಂದರೆ ಏನು? ದೊಡ್ಡ ವಿದ್ಯೆಯೇನಲ್ಲ. ಕೆಲಸ ಹೋದರೂ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಮನೆ ನಡೆಯುವಷ್ಟು ದುಡ್ಡು ಬ್ಯಾಂಕಿನಲ್ಲಿ ಬೇರೆಯಾಗಿ ಇರಲಿ. ಬಡ್ಡಿ ಕಡಿಮೆ ಅಂತ ಗೊಣಗಬೇಡಿ, ಆ ದುಡ್ಡಿನ ಕೆಲಸ ಬಡ್ಡಿ ದುಡಿಯುವುದಲ್ಲ, ನಿಮ್ಮ ಷೇರುಗಳನ್ನು ಕೆಟ್ಟ ಕಾಲದಲ್ಲಿ ಕಾಯುವುದು. ಮುಂದಿನ ಐದು ವರ್ಷದೊಳಗೆ ಬೇಕು ಅಂತ ಖಚಿತವಾಗಿ ಗೊತ್ತಿರುವ ದುಡ್ಡನ್ನು, ಅದು ಓದಿಗಿರಲಿ, ಮನೆಗಿರಲಿ, ಷೇರಿಗೆ ಹಾಕಬೇಡಿ. ಇನ್ನು ಉಳಿದದ್ದರಲ್ಲಿ ಎಷ್ಟು ಹಾಕಬೇಕು ಅನ್ನುವುದಕ್ಕೆ ನಾನು ಒಂದು ಪರೀಕ್ಷೆ ಹೇಳುತ್ತೇನೆ. ಶೇಕಡಾವಾರು ಮರೆತುಬಿಡಿ. ಅರ್ಧ ಹೋದರೆ ಎಷ್ಟು ಉಳಿಯುತ್ತದೆ ಅನ್ನುವ ಮೊತ್ತವನ್ನು ಕೈಯಿಂದ ಒಂದು ಹಾಳೆಯಲ್ಲಿ ಬರೆಯಿರಿ. "ನಾನು ಶೇಕಡಾ 50 ಕುಸಿತ ತಡೆದುಕೊಳ್ತೀನಿ" ಅಂತ ಹೇಳುವುದು ಎಲ್ಲರಿಗೂ ಸುಲಭ. ಇಷ್ಟು ವರ್ಷ ದುಡಿದು ಕೂಡಿಟ್ಟದ್ದರ ಪಕ್ಕ ಅದರ ಅರ್ಧದ ಅಂಕಿ ಬರೆದು, ಮೂರು ವರ್ಷ ಹೀಗೇ ಇದ್ದರೆ ಅಂತ ಕೇಳಿಕೊಂಡಾಗ ಉತ್ತರ ಬೇರೆಯಾಗುತ್ತದೆ.

ಲೆಕ್ಕವನ್ನೂ ನೋಡಿ. ನೂರು ಪೂರ್ತಿ ಷೇರಿನಲ್ಲಿದ್ದು ಪೇಟೆ ಅರ್ಧವಾದರೆ 50 ಉಳಿಯುತ್ತದೆ. ಅದು ಮತ್ತೆ ನೂರಾಗಲು ದುಪ್ಪಟ್ಟಾಗಬೇಕು. ಅರ್ಧ ಷೇರು, ಅರ್ಧ ಠೇವಣಿ ಅಥವಾ ಬಾಂಡ್ ಆಗಿದ್ದರೆ 75 ಉಳಿಯುತ್ತದೆ, ನೂರಾಗಲು ಮೂರನೇ ಒಂದು ಭಾಗ ಬೆಳೆದರೆ ಸಾಕು. ಏರುವ ಕಾಲದಲ್ಲಿ ಈ ಎರಡನೆಯವರು ಹಿಂದೆ ಬೀಳುತ್ತಾರೆ, ಗೆಳೆಯರ ಲಾಭ ಕೇಳಿ ಹೊಟ್ಟೆ ಚುರ್ ಅನ್ನುತ್ತದೆ. ಆದರೂ ನನ್ನ ಪ್ರಕಾರ ಸಾಮಾನ್ಯ ಸಂಬಳದಾರರಿಗೆ ಆ ಚುರ್ ಅನ್ನುವುದನ್ನು ತಡೆದುಕೊಳ್ಳುವುದೇ ಸುಲಭ.

ಹೀಗೆ ಪಾಲು ಮಾಡಿಟ್ಟಿದ್ದರೆ ಇನ್ನೊಂದು ಅನುಕೂಲವಿದೆ, ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬೀಳುವಾಗ ಮನಸ್ಸು ಏನಾದರೂ ಮಾಡು ಮಾಡು ಅಂತ ಪೀಡಿಸುತ್ತದೆ. ಸುಮ್ನೆ ಕೂರು ಅನ್ನುವ ಆಜ್ಞೆಯನ್ನು ಪಾಲಿಸುವುದು ಬಹಳ ಕಷ್ಟ, ಅಲ್ವಾ? ಅರ್ಧ ಅರ್ಧ ಅಂತ ಮೊದಲೇ ನಿರ್ಧರಿಸಿದವರಿಗೆ ಮಾಡಲು ಒಂದು ಕೆಲಸ ಸಿಗುತ್ತದೆ. ಷೇರಿನ ಪಾಲು 25ಕ್ಕೆ ಇಳಿದಿದೆ, ಠೇವಣಿ 50 ಇದೆ, ಎರಡನ್ನೂ ಸಮ ಮಾಡಲು ಹನ್ನೆರಡೂವರೆ ಇತ್ತ ತರಬೇಕು. ಅಷ್ಟು ಮಾಡಿದರೆ ಕೈಗೂ ಕೆಲಸವಾಯಿತು, ಅಗ್ಗದಲ್ಲಿ ಕೊಂಡಂತೆಯೂ ಆಯಿತು. ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡ್‌ಗೆ ತಿಂಗಳ ಕಂತು, ಕಟ್ಟುವವರಿಗೂ ಅಷ್ಟೇ, ಸಂಬಳ ಬರುತ್ತಿರುವವರೆಗೆ ಕಂತನ್ನು ನಿಲ್ಲಿಸದೇ ಇರುವುದೇ ಅವರು ಮಾಡುವ ಕೆಲಸ. ಅದೇ ಕಂತಿಗೆ ಜಾಸ್ತಿ ಯೂನಿಟ್ ಬರುತ್ತಿರುತ್ತದೆ.

ಇಂಥ ಕೆಲಸ ಇಟ್ಟುಕೊಳ್ಳದವರು ಏನೇನೋ ಮಾಡುತ್ತಾರೆ. ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಎಂಬ ಸಂಶೋಧಕರು ಅಮೆರಿಕದ 66,465 ಕುಟುಂಬಗಳ ಷೇರು ಖಾತೆಗಳನ್ನು 1991ರಿಂದ 1996ರವರೆಗೆ ನೋಡಿದ್ದರು. ಆಗ ಪೇಟೆ ವರ್ಷಕ್ಕೆ ಸರಾಸರಿ ಶೇಕಡಾ 17.9 ಕೊಟ್ಟಿತು. ಅತಿ ಹೆಚ್ಚು ಕೊಂಡು ಮಾರಿದವರಿಗೆ ಸಿಕ್ಕಿದ್ದು ಶೇಕಡಾ 11.4. ಅದು ಒಳ್ಳೆಯ ಕಾಲದ ಲೆಕ್ಕ.

"ಈಗ ಹೊರಗೆ ಬಂದು, ಎಲ್ಲ ತಣ್ಣಗಾದ ಮೇಲೆ ಒಳಗೆ ಹೋಗ್ತೀನಿ" ಅನ್ನುವವರು ಪ್ರತಿ ಕುಸಿತದಲ್ಲೂ ಸಿಗುತ್ತಾರೆ. ಮಾತು ಕೇಳಲು ಬುದ್ಧಿವಂತಿಕೆಯದ್ದೇ. ತೊಂದರೆ ಏನೆಂದರೆ ತಣ್ಣಗಾಗುವ ದಿನ ಅಂತ ಒಂದು ಇರುವುದಿಲ್ಲ. 2020ರ ಮಾರ್ಚ್ 12ರಂದು ಎಸ್ ಅಂಡ್ ಪಿ 500 ಶೇಕಡಾ 9.5ರಷ್ಟು ಬಿತ್ತು, ಮರುದಿನ ಶೇಕಡಾ 9.3 ಏರಿತು, ಮತ್ತೆ 16ರಂದು ಶೇಕಡಾ 12 ಬಿತ್ತು, 24ರಂದು ಶೇಕಡಾ 9.4 ಏರಿತು. ದೊಡ್ಡ ಏರಿಕೆಯ ದಿನಗಳು ದೊಡ್ಡ ಇಳಿಕೆಯ ದಿನಗಳ ಮಗ್ಗುಲಲ್ಲೇ ಇರುತ್ತವೆ. ಆಗ ಸುದ್ದಿ ಎಷ್ಟು ಕೆಟ್ಟದಾಗಿತ್ತು ನೆನಪಿಸಿಕೊಳ್ಳಿ. ಲೋಕವೇ ಬಾಗಿಲು ಹಾಕಿಕೊಂಡಿತ್ತು, ಪೇಟೆ ಮಾತ್ರ ಏರತೊಡಗಿತ್ತು. ಹೊರಗೆ ನಿಂತವರಿಗೆ ಅದು ಸುಳ್ಳು ಏರಿಕೆ ಅನ್ನಿಸಿತು, ಇನ್ನೊಂದು ಸಲ ಬೀಳಲಿ ಅಂತ ಕಾದರು, ತಾವು ಮಾರಿದ ಬೆಲೆ ದಾಟಿದ ಮೇಲೆ ಹೆಚ್ಚು ಕೊಟ್ಟು ಕೊಳ್ಳಲು ಮನಸ್ಸು ಬರಲಿಲ್ಲ. ಮಾರುವುದಕ್ಕೆ ಒಂದು ಗಳಿಗೆಯ ಹೆದರಿಕೆ ಸಾಕು. ಮರಳಿ ಬರುವುದಕ್ಕೆ ತಿಂಗಳುಗಟ್ಟಲೆ ಧೈರ್ಯ ಬೇಕು.

ಟಿವಿ ಚರ್ಚೆ, ವಾಟ್ಸಾಪ್ ಗುಂಪು, ಯೂಟ್ಯೂಬ್ ಭವಿಷ್ಯ ಇವುಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕೆಲವು ವಾರ ದೂರ ಇಡಿ.

ಆದರೆ ಮನೆಯ ವಿಷಯ ಹೇಳಲೇಬೇಕು. ಹೂಡಿಕೆಯನ್ನು ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವುದು ಮಾಮೂಲಿ. ಏರುವಾಗ ಆ ಒಬ್ಬರು ಖುಷಿಯಿಂದ ಹೇಳಿಕೊಳ್ಳುತ್ತಾರೆ, ಬಿದ್ದಾಗ ಬಾಯಿ ಕಟ್ಟುತ್ತದೆ. ಗಂಡ ಅಥವಾ ಹೆಂಡತಿ "ಪೇಟೆ ಬಿದ್ದಿದೆಯಂತೆ, ನಮ್ಮದು ಏನಾಯ್ತು?" ಅಂತ ಕೇಳಿದರೆ "ಏನಿಲ್ಲ, ಸ್ವಲ್ಪ" ಅನ್ನುತ್ತಾರೆ. ಆ "ಸ್ವಲ್ಪ"ದ ಭಾರ ದಿನಾ ಬೆಳೆಯುತ್ತದೆ. ನಷ್ಟದ ಜೊತೆ ಗುಟ್ಟನ್ನೂ ಹೊತ್ತುಕೊಂಡು ತಿರುಗಬೇಕಾಗುತ್ತದೆ, ಮಕ್ಕಳ ಮೇಲೆ ಸಿಡುಕುವುದು ಅಲ್ಲಿಂದಲೇ ಶುರು. ಕೊನೆಗೆ ಎಷ್ಟೋ ಜನ ಷೇರು ಮಾರುವುದು ನಷ್ಟ ತಡೆಯಲಾರದೆ ಅಲ್ಲ, ಮುಚ್ಚಿಡುವುದನ್ನು ತಡೆಯಲಾರದೆ. ಇದನ್ನು ನಾನು ಹತ್ತಿರದವರಲ್ಲಿ ನೋಡಿದ್ದೇನೆ, ತುಂಬಾ ಸಂಕಟವಾಗುತ್ತದೆ. ಪರದೆಯನ್ನು ಇಬ್ಬರೂ ಒಟ್ಟಿಗೆ ಕೂತು ನೋಡಿ. ಒಟ್ಟು ಎಷ್ಟಿತ್ತು, ಈಗ ಎಷ್ಟಿದೆ, ಬ್ಯಾಂಕಿನಲ್ಲಿ ಎಷ್ಟಿದೆ, ಯಾವ ವರ್ಷ ಏನು ಖರ್ಚಿದೆ. ಬೈಗುಳ ಬರಬಹುದು, ಬರಲಿ. ಅರ್ಧ ಗಂಟೆಯ ಮಾತಿನ ನಂತರ ಭಯದ ಗಾತ್ರ ನಿಜಕ್ಕೂ ಇಳಿಯುತ್ತದೆ, ಯಾಕೆಂದರೆ ಆಗ ಅದು ಒಂದು ಅಂಕಿ, ಮತ್ತು ಆ ಅಂಕಿಯನ್ನು ನೋಡಲು ಇಬ್ಬರಿದ್ದಾರೆ.

ಇಷ್ಟೆಲ್ಲ ಮಾಡಿಯೂ ತಡೆಯಲು ಆಗದಿದ್ದರೆ? ಆಗ ಸ್ವಲ್ಪ ಮಾರಿ. ಹೌದು, ಬಿದ್ದ ಪೇಟೆಯಲ್ಲೇ. ರಾತ್ರಿ ನಿದ್ದೆ ಹಾಳಾಗಿ, ಕೆಲಸದಲ್ಲಿ ಮನಸ್ಸು ನಿಲ್ಲದೆ, ಎಲ್ಲವನ್ನೂ ಒಂದೇ ಏಟಿಗೆ ಮಾರಿಬಿಡುವ ಹಂತಕ್ಕೆ ಬರುವುದಕ್ಕಿಂತ, ಕಾಲು ಭಾಗವೋ ಮೂರನೇ ಒಂದು ಭಾಗವೋ ಮಾರಿ ಉಳಿದದ್ದನ್ನು ಹಿಡಿದುಕೊಳ್ಳುವುದು ಎಷ್ಟೋ ವಾಸಿ. ಎಷ್ಟು ಉಳಿದರೆ ನಿದ್ದೆ ಬರುತ್ತದೋ ಅಷ್ಟೇ ನಿಮ್ಮ ಸರಿಯಾದ ಪಾಲು. ಮಾರುವ ಮುನ್ನ ಒಂದು ರಾತ್ರಿ ಕಳೆಯಲಿ, ಯಾಕೆ ಮಾರುತ್ತಿದ್ದೀರಿ ಅಂತ ನಾಲ್ಕು ಸಾಲು ಬರೆದಿಡಿ. ಆಮೇಲೆ ಪೇಟೆ ಏರಿದಾಗ ಅದೇ ಪಾಲನ್ನು ಇಟ್ಟುಕೊಳ್ಳಿ, ಮತ್ತೆ ಆಸೆಗೆ ಬಿದ್ದು ಪೂರ್ತಿ ಹಾಕಬೇಡಿ.

ಕೊನೆಯದಾಗಿ, ಪೇಟೆ ಎದ್ದು ನಿಲ್ಲುವ ಹೊತ್ತಿನ ಬಗ್ಗೆ. ಕುಸಿತದ ಪ್ರಭಾವ ಅಲ್ಲಿಗೆ ಮುಗಿಯುತ್ತದೆ ಅಂದುಕೊಳ್ಳುತ್ತೇವೆ, ಮುಗಿಯುವುದಿಲ್ಲ. "ಅಸಲು ಬಂದ್ರೆ ಸಾಕು, ಮಾರಿ ಕೈ ತೊಳ್ಕೊಳ್ತೀನಿ" ಅಂತ ಕುಸಿತದ ಉದ್ದಕ್ಕೂ ಜಪಿಸಿದವರು, ಕೊಂಡ ಬೆಲೆ ವಾಪಸ್ ಬಂದ ದಿನವೇ ನಿಟ್ಟುಸಿರು ಬಿಟ್ಟು ಮಾರುತ್ತಾರೆ. ವರ್ಷಗಟ್ಟಲೆ ನೋವು ತಿಂದು, ಅದರ ಫಲ ಬರುವ ಹೊತ್ತಿಗೆ ಹೊರಗೆ. ಹೆರ್ಶ್ ಶೆಫ್ರಿನ್ ಮತ್ತು ಮೀರ್ ಸ್ಟಾಟ್‌ಮನ್ ಎಂಬ ಸಂಶೋಧಕರು 1985ರಲ್ಲೇ ಬರೆದಿದ್ದರು, ಜನ ಲಾಭದಲ್ಲಿರುವುದನ್ನು ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಹಿಡಿದುಕೊಂಡೇ ಇರುತ್ತಾರೆ ಅಂತ. ಓಡೀನ್ 1998ರಲ್ಲಿ ಹತ್ತು ಸಾವಿರ ಖಾತೆಗಳನ್ನು ಪರಿಶೀಲಿಸಿ ನೋಡಿದಾಗ, ಜನ ಲಾಭಕ್ಕೆ ಮಾರಿದ ಷೇರುಗಳು ಮುಂದಿನ ಒಂದು ವರ್ಷದಲ್ಲಿ ಅವರು ನಷ್ಟದಲ್ಲಿ ಉಳಿಸಿಕೊಂಡ ಷೇರುಗಳಿಗಿಂತ ಸರಾಸರಿ ಶೇಕಡಾ 3.4 ಅಂಶ ಜಾಸ್ತಿ ಕೊಟ್ಟಿದ್ದವು.

ಅಸಲು ಅನ್ನುವ ಅಂಕಿ ಅಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ಕೂತಿರುತ್ತದೆ. ಅದನ್ನು ಪಕ್ಕಕ್ಕಿಡಲು ಒಂದು ಪ್ರಶ್ನೆ ಸಾಕಾಗುತ್ತದೆ. ಇವತ್ತು ಇಷ್ಟೇ ದುಡ್ಡು ನಗದಾಗಿ ಕೈಯಲ್ಲಿದ್ದಿದ್ದರೆ ಇದನ್ನೇ ಕೊಳ್ಳುತ್ತಿದ್ದೆನಾ? ಹತ್ತು ವರ್ಷದಾಚೆ ಬೇಕಾದ ದುಡ್ಡು ಇಂಡೆಕ್ಸ್ ಫಂಡ್‌ನಲ್ಲಿ, ಅಂದರೆ ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೆಲ್ಲ ಕೊಳ್ಳುವ ಫಂಡ್‌ನಲ್ಲಿ, ಇದ್ದರೆ ಉತ್ತರ ಹೌದು ಅಂತಲೇ ಬರುತ್ತದೆ, ಹಾಗಾಗಿ ಅಸಲು ಬಂದ ದಿನ ಮಾರಲು ಕಾರಣವೇ ಇಲ್ಲ. ಯಾರದೋ ಮಾತು ಕೇಳಿ ಕೊಂಡ, ಸಾಲದಲ್ಲಿ ಮುಳುಗಿದ ಒಂದು ಕಂಪನಿಯ ಷೇರಾದರೆ ಉತ್ತರ ಇಲ್ಲ ಅಂತ ಬರಬಹುದು. ಅದಕ್ಕೆ ಅಸಲು ಬರುವವರೆಗೆ ಕಾಯಬೇಡಿ, ಇವತ್ತೇ ಮಾರಿ, ಉಳಿದಷ್ಟನ್ನು ಫಂಡ್‌ಗೆ ವರ್ಗಾಯಿಸಿ.